ಮಾತಿನ ಚಿಕಿತ್ಸೆಯೂ ಮನೆಯ ಮಾತೂ

ಪ್ರತಿವರ್ಷವೂ ಪದವಿಪೂರ್ವ ಪರೀಕ್ಷೆಯ ಫಲಿತಾಂಶ ಹೊರಬಿದ್ದ ಒಂದೆರಡು ವಾರಗಳಲ್ಲಿ ನಮ್ಮಲ್ಲಿಗೆ ಬರುವ ತಂದೆತಾಯಿಗಳು ಕೇಳುವ ಪ್ರಶ್ನೆ ಹೆಚ್ಚುಕಡಮೆ ಒಂದೇ. "ಹುಡುಗಿಗೆ ಮೆಡಿಕಲ್ ಸಿಗುವ ಹಾಗೆ ಕಾಣುವುದಿಲ್ಲ. ದಂತವೈದ್ಯಕ್ಕೂ ಕಷ್ಟವೇ. ಮೈಸೂರಿನಲ್ಲಿ ಅದೇನೋ ಮಾತು-ಕಿವಿಯ ಓದು ಇದೆಯಂತಲ್ಲ, ಅದಕ್ಕೆ ಸೇರಿಸಬಹುದೇ?" ಮಕ್ಕಳ ಭವಿಷ್ಯವನ್ನು ಕುರಿತು ಚಿಂತಿಸುವವರು ಹೀಗೆ ಕೇಳುವುದು ಸಹಜವೇ ಸರಿ. ಆದರೆ ಆ "ಅದೇನೋ" ಎಂಬ ಪದ ನಮ್ಮನ್ನು ಪ್ರತಿಸಲವೂ ಚುಚ್ಚುತ್ತದೆ. ಬೇರೆ ಬಾಗಿಲುಗಳೆಲ್ಲ ಮುಚ್ಚಿದ ಮೇಲೆ ತಟ್ಟುವ ಬಾಗಿಲು ಇದು ಎಂಬ ಭಾವನೆ ಜನರಲ್ಲಿದೆ. ಈ ವಿದ್ಯೆಗೆ ಎಂಥ ವಿದ್ಯಾರ್ಥಿ ಬೇಕು, ಅವನು ಏನನ್ನು ಕಲಿಯಬೇಕು ಎಂಬ ವಿಷಯದಲ್ಲಿ ನಮಗೆ ಒಂದು ಖಚಿತವಾದ ಅಭಿಪ್ರಾಯವುಂಟು. ಅದನ್ನು ತರುಣ ವಾಚಕರ ಮುಂದೆ ಇಡುವುದಕ್ಕಾಗಿಯೇ ಈ ಲೇಖನ.

ಮೊದಲು ಓದಿನ ವಿಚಾರವನ್ನು ಸಂಕ್ಷೇಪವಾಗಿ ಹೇಳಿಬಿಡುವೆವು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಲ್ಲಿ ಸ್ಥಾಪಿತವಾಯಿತು. ಕೇಂದ್ರ ಸರಕಾರದ ಆರೋಗ್ಯ ಮಂತ್ರಾಲಯ ಅದರ ವೆಚ್ಚವನ್ನು ವಹಿಸುತ್ತದೆ. ಅಲ್ಲಿ ದೊರೆಯುವ ಪದವಿ ಮೈಸೂರು ವಿಶ್ವವಿದ್ಯಾನಿಲಯದ್ದು. ಬೆಂಗಳೂರು, ಮಂಗಳೂರು, ಮಣಿಪಾಲಗಳಲ್ಲಿಯೂ ಮತ್ತಿತರ ಊರುಗಳಲ್ಲಿಯೂ ಇದೇ ಪದವಿಗೆ ಓದಿಸುವ ಕಾಲೇಜುಗಳಿವೆ. ಮೊದಲ ಪದವಿಯಲ್ಲಿ ಶ್ರವಣವಿಜ್ಞಾನವನ್ನೂ ವಾಕ್-ಚಿಕಿತ್ಸೆಯನ್ನೂ ಒಟ್ಟಿಗೆ ಕಲಿಯಬೇಕು. ಈವರೆಗೆ ನಡೆದುಬಂದ ಪಠ್ಯಕ್ರಮದಂತೆ ಇದಕ್ಕೆ ನಾಲ್ಕು ವರ್ಷ. ಕೊನೆಯ ವರ್ಷವೆಲ್ಲ ಕ್ಲಿನಿಕ್ಕಿನಲ್ಲಿಯೇ ಕಳೆಯುತ್ತದೆ. ಮುಂದೆ ಎರಡು ವರ್ಷದ ಸ್ನಾತಕೋತ್ತರ ಪದವಿಯಲ್ಲಿ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬಹುದು.

ವಾಕ್-ಚಿಕಿತ್ಸಕನ ಬಳಿಗೆ ಬರುವವರು ಯಾರು? ಎರಡೂವರೆ ವರ್ಷವಾದರೂ "ಅಮ್ಮ" ಎನ್ನದ ಮಗು, ಸೀಳಂಗುಳದ ಶಸ್ತ್ರಚಿಕಿತ್ಸೆ ಮುಗಿದರೂ ಮೂಗಿನಲ್ಲಿಯೇ ಮಾತನಾಡುವ ಹುಡುಗಿ, ದಿನವೆಲ್ಲ ಕೂಗಿ ಪಾಠ ಹೇಳಿ ಗಂಟಲು ಕಟ್ಟಿಹೋದ ಶಾಲಾಮಾಸ್ತರರು, ಉಗ್ಗುವ ಯುವಕ, ಕ್ಯಾನ್ಸರಿನಿಂದ ಧ್ವನಿಪೆಟ್ಟಿಗೆಯನ್ನೇ ಕಳೆದುಕೊಂಡವರು, ಪಾರ್ಶ್ವವಾಯು ಬಡಿದು ಮಾತು ನಿಂತ ಯಜಮಾನರು. ಹೊರಗಿನವರಿಗೆ ಅಷ್ಟಾಗಿ ತಿಳಿಯದ ಕೆಲಸವೊಂದಿದೆ: ಪಾರ್ಶ್ವವಾಯುವಾದವರಿಗೆ ನುಂಗುವುದನ್ನು ಮತ್ತೆ ಕಲಿಸುವುದು. ಮಾತಿಗೂ ನುಂಗುವಿಕೆಗೂ ಬಳಕೆಯಾಗುವುದು ಬಹುಮಟ್ಟಿಗೆ ಅದೇ ನಾಲಗೆ, ಅದೇ ಅಂಗುಳ, ಅದೇ ಗಂಟಲು. ನುಂಗಿದ ಗಂಜಿ ಅನ್ನನಾಳದ ಬದಲು ಶ್ವಾಸನಾಳಕ್ಕೆ ಇಳಿದರೆ ಶ್ವಾಸಕೋಶದ ಸೋಂಕು ತಗಲಿ ರೋಗಿಯ ಪ್ರಾಣಕ್ಕೇ ಅಪಾಯ. ಹೀಗಾಗಿ ದೊಡ್ಡ ಆಸ್ಪತ್ರೆಗಳ ನರರೋಗ ವಿಭಾಗಗಳಲ್ಲಿ ಇಂದು ವಾಕ್-ಚಿಕಿತ್ಸಕರು ಬೇಕೇ ಬೇಕು.

ಇಷ್ಟನ್ನೂ ಕಲಿಯಬೇಕಾದರೆ ಅಂಗರಚನೆ, ಶರೀರಕ್ರಿಯೆ, ಶಬ್ದದ ಭೌತವಿಜ್ಞಾನ, ಮನಶ್ಶಾಸ್ತ್ರ, ಭಾಷಾವಿಜ್ಞಾನ, ಇಲೆಕ್ಟ್ರಾನಿಕ್ಸ್, ಸಂಖ್ಯಾಶಾಸ್ತ್ರ ಎಲ್ಲವೂ ಸ್ವಲ್ಪಸ್ವಲ್ಪ ಬೇಕು. ಪಟ್ಟಿಯನ್ನು ನೋಡಿ ವಿದ್ಯಾರ್ಥಿಗಳು ಅಂಗರಚನೆಗೆ ಹೆದರುತ್ತಾರೆ, ಭೌತವಿಜ್ಞಾನಕ್ಕೆ ಹೆದರುತ್ತಾರೆ. ಭಾಷೆಗೆ ಮಾತ್ರ ಯಾರೂ ಹೆದರುವುದಿಲ್ಲ. ಅದು ತಮಗೆ ಗೊತ್ತಿರುವ ವಿಷಯವೆಂದು ತಿಳಿಯುತ್ತಾರೆ. ತೊಡಕು ಇರುವುದೇ ಅಲ್ಲಿ.

ವಾಚಕರು ಈಗಲೇ ಒಂದು ಪ್ರಯೋಗವನ್ನು ಮಾಡಿ ನೋಡಬಹುದು. ಮೂಗನ್ನು ಎರಡು ಬೆರಳುಗಳಿಂದ ಬಿಗಿಯಾಗಿ ಹಿಡಿದು "ಮನೆ" ಎನ್ನಿರಿ. ಕೇಳಿಸುವುದು "ಬದೆ" ಎಂಬಂಥ ಒಂದು ಶಬ್ದ. "ಬ"ಕಾರಕ್ಕೂ "ಮ"ಕಾರಕ್ಕೂ ತುಟಿಗಳು ಮಾಡುವ ಕೆಲಸ ಒಂದೇ; ಎರಡರಲ್ಲಿಯೂ ಗಂಟಲಿನ ಧ್ವನಿತಂತುಗಳು ಕಂಪಿಸುತ್ತವೆ, ಗಂಡಸರಲ್ಲಿ ಸೆಕೆಂಡಿಗೆ ಸುಮಾರು 100ರಿಂದ 150 ಸಲ, ಹೆಂಗಸರಲ್ಲಿ 200ಕ್ಕೂ ಮೇಲೆ. ಅಂಗುಳದ ಹಿಂಭಾಗದಲ್ಲಿರುವ ಮೆತ್ತನೆಯ ಪರದೆ "ಬ" ಎನ್ನುವಾಗ ಮೇಲಕ್ಕೆದ್ದು ಮೂಗಿನ ದಾರಿಯನ್ನು ಮುಚ್ಚುತ್ತದೆ, "ಮ" ಎನ್ನುವಾಗ ಇಳಿದು ತೆರೆಯುತ್ತದೆ. ಭೇದ ಇಷ್ಟೇ. ಲೋಕದಲ್ಲಿ ಹುಟ್ಟುವ ಮಕ್ಕಳಲ್ಲಿ ಸುಮಾರು 700ಕ್ಕೆ ಒಂದು ಮಗು ಸೀಳುತುಟಿ ಅಥವಾ ಸೀಳಂಗುಳದೊಡನೆ ಹುಟ್ಟುತ್ತದೆ. ಅಂಗುಳ ಸೀಳಿದ್ದರೆ ಆ ಪರದೆ ಮುಚ್ಚಲಾರದು. ಅಂಥ ಮಗು "ಬಾ" ಎನ್ನಹೋದರೆ "ಮಾ" ಆಗುತ್ತದೆ, "ದಾರ" ಎನ್ನಹೋದರೆ "ನಾರ"ವಾಗುತ್ತದೆ.

ಈಗ ನಮ್ಮ ವರ್ಣಮಾಲೆಯನ್ನು ನೆನೆಯಿರಿ. ತ ಥ ದ ಧ ನ. ಪ ಫ ಬ ಭ ಮ. ಪ್ರತಿ ಸಾಲಿನ ಮೂರನೆಯ ಅಕ್ಷರಕ್ಕೂ ಐದನೆಯದಕ್ಕೂ ಇರುವ ಅಂತರ ನಾವು ಈಗ ತಾನೇ ಹೇಳಿದ ಪರದೆಯದೇ. ಮೊದಲನೆಯದಕ್ಕೂ ಮೂರನೆಯದಕ್ಕೂ ಇರುವ ಅಂತರ ಧ್ವನಿತಂತುಗಳ ಕಂಪನದ್ದು. ಅಂಗೈಯನ್ನು ತುಟಿಯ ಮುಂದೆ ಹಿಡಿದು ಒಂದನೆಯದನ್ನೂ ಎರಡನೆಯದನ್ನೂ ಉಚ್ಚರಿಸಿದರೆ ಉಸಿರಿನ ಅಂತರ ಕೈಗೇ ತಿಳಿಯುತ್ತದೆ. ಮೇಲಿನಿಂದ ಕೆಳಕ್ಕೆ ಓದಿದರೆ, ಕ ಚ ಟ ತ ಪ ಎಂದು ಉಚ್ಚಾರಣೆಯ ಸ್ಥಾನ ಗಂಟಲಿನ ಕಡೆಯಿಂದ ಹೊರಟು ತುಟಿಗೆ ಬಂದು ನಿಲ್ಲುತ್ತದೆ. ಹದಿಮೂರನೆಯ ಶತಮಾನದ ಕೇಶಿರಾಜನು ತನ್ನ "ಶಬ್ದಮಣಿದರ್ಪಣ"ದಲ್ಲಿ ಶಬ್ದದ ಹುಟ್ಟನ್ನು ವಿವರಿಸುತ್ತ ನಾಭಿಮೂಲದಿಂದ ಏಳುವ ಗಾಳಿಯನ್ನೂ ಕಹಳೆಯನ್ನೂ ನೆನೆಯುತ್ತಾನೆ. ನಾಭಿಯ ಜಾಗದಲ್ಲಿ ನಾವು ಇಂದು ಶ್ವಾಸಕೋಶವನ್ನೂ ವಪೆಯನ್ನೂ ಹೇಳುತ್ತೇವೆ. ಆದರೂ ಗಾಳಿಯ ಬಲದಿಂದ ನುಡಿಯುವ ವಾದ್ಯವೊಂದು ನಮ್ಮ ಮೈಯಲ್ಲಿದೆ ಎಂಬ ಕಲ್ಪನೆ ಸರಿಯಾದುದೇ. ಹೊರದೇಶದ ವಿದ್ಯಾರ್ಥಿ ವಿಶ್ವವಿದ್ಯಾನಿಲಯಕ್ಕೆ ಬಂದ ಮೇಲೆ ಕಲಿಯುವ ಧ್ವನಿಕೋಷ್ಟಕದ ದೊಡ್ಡ ಪಾಲನ್ನು ಕನ್ನಡದ ಮಗು ಒಂದನೆಯ ತರಗತಿಯಲ್ಲಿಯೇ ಬಾಯಿಪಾಠ ಮಾಡಿರುತ್ತದೆ. ಬಾಯಿಪಾಠವಾದದ್ದರ ಅರ್ಥವನ್ನು ಯಾರೂ ಹೇಳಿಕೊಡಲಿಲ್ಲವೆಂಬುದು ಬೇರೆ ಮಾತು. ಹನ್ನೆರಡು ವರ್ಷ ಕಳೆದ ಮೇಲೆ ಅದನ್ನೇ ಇಂಗ್ಲಿಷ್ ಪುಸ್ತಕದಲ್ಲಿ ಕಂಡು ಹೊಸ ವಿಷಯವೆಂಬಂತೆ ಬೆರಗಾಗುವ ವಿದ್ಯಾರ್ಥಿಗಳನ್ನು ನಾವು ನೋಡಿದ್ದೇವೆ. ಹಾಗೆ ಬೆರಗಾದವರಲ್ಲಿ ನಾವೂ ಒಬ್ಬರು.

ನಮ್ಮ ವಿದ್ಯಾರ್ಥಿದೆಸೆಯ ಒಂದು ತಪ್ಪನ್ನು ಇಲ್ಲಿ ಒಪ್ಪಿಕೊಳ್ಳಬೇಕು. ನಂಜನಗೂಡಿನಿಂದಾಚೆಯ ಹಳ್ಳಿಯೊಂದರಿಂದ ಅಜ್ಜಿಯೊಬ್ಬಳು ಆರು ವರ್ಷದ ಮೊಮ್ಮಗನನ್ನು ಕರೆದುಕೊಂಡು ನಾವು ಕೆಲಸ ಕಲಿಯುತ್ತಿದ್ದ ಕ್ಲಿನಿಕ್ಕಿಗೆ ಬರುತ್ತಿದ್ದಳು. ನಾವು ಚಿತ್ರಗಳನ್ನು ತೋರಿಸಿದೆವು, ಹುಡುಗ ಹೆಸರು ಹೇಳಿದ, ತಪ್ಪುಗಳನ್ನು ಗುರುತುಹಾಕಿಕೊಂಡೆವು. ಹಾಲಿಗೆ "ಆಲು" ಎಂದ, ತಪ್ಪು. ಹಣ್ಣಿಗೆ "ಅಣ್ಣು", ತಪ್ಪು. ಹಸು "ಅಸು"ವಾಯಿತು, ಹೂವು "ಊವು" ಆಯಿತು. ಕಾಗೆಗೆ "ತಾದೆ" ಎಂದ, ಗಾಡಿಗೆ "ದಾಡಿ" ಎಂದ. ಎಣಿಸಿ ನೋಡಿದರೆ ಹಕಾರದ ತಪ್ಪುಗಳೇ ಹೆಚ್ಚು. ಹೆಚ್ಚು ಇರುವ ತಪ್ಪನ್ನು ಮೊದಲು ತಿದ್ದಬೇಕೆಂದು ಓದಿದ್ದೆವಷ್ಟೆ. ಕನ್ನಡಿಯನ್ನು ಬಾಯಿಯ ಮುಂದೆ ಹಿಡಿದು, ಉಸಿರಿನಿಂದ ಅದು ಮಂಜಾಗುವಂತೆ "ಹಾ" ಎನ್ನಿಸುವ ಅಭ್ಯಾಸ ಆರಂಭವಾಯಿತು. ವಾರಕ್ಕೊಂದು ದಿನದಂತೆ ಆರು ವಾರ. ಆರನೆಯ ವಾರ ಹುಡುಗ ನಮ್ಮೆದುರಿಗೆ ಅಚ್ಚುಕಟ್ಟಾಗಿ "ಹಾಲು" ಎಂದ. ನಮಗೆ ಹಿಗ್ಗು. ಬಾಗಿಲ ಬಳಿ ಕುಳಿತಿದ್ದ ಅಜ್ಜಿಗೆ ಮಾತ್ರ ಏನೂ ಹಿಗ್ಗಿದ್ದಂತೆ ಕಾಣಲಿಲ್ಲ. ಏಕೆಂದು ಕೇಳಿದೆವು.

"ನಮ್ಮೂರಲ್ಲಿ ಎಲ್ರೂ ಆಲು ಅಂತಾನೆ ಕಣಪ್ಪ ಅನ್ನದು. ನಾನೂ ಅಂಗೇ ಅಂತೀನಿ, ಇವರಪ್ಪನೂ ಅಂಗೇ ಅಂತಿದ್ದ. ಅದಲ್ಲ. ಕಾಗೆನ ತಾದೆ ಅಂತಾನಲ್ಲ, ಅದ್ಕೆ ಇಸ್ಕೂಲಲ್ಲಿ ಉಡುಗ್ರು ಇವನ್ನ ತಾದೆ ತಾದೆ ಅಂತ ಕೂಗ್ತವೆ. ಇವನು ಈಗ ಇಸ್ಕೂಲ್ಗೇ ಓಗಲ್ಲ ಅಂತಾನೆ. ಅದ್ನ ಸರಿಮಾಡ್ಕೊಡು."

ಆ ಸೀಮೆಯ ಹಳ್ಳಿಗಳ ಆಡುಮಾತಿನಲ್ಲಿ ಪದದ ಮೊದಲ ಹಕಾರ ಬಿದ್ದುಹೋಗುವುದು ಶತಮಾನಗಳ ರೂಢಿ. ಅದರಲ್ಲಿ ರೋಗವೇನೂ ಇಲ್ಲ. "ಕ"ಕಾರ "ತ"ಕಾರವಾಗುವುದು, ಎಂದರೆ ನಾಲಗೆಯ ಹಿಂಭಾಗ ಏಳಬೇಕಾದ ಕಡೆ ತುದಿ ಏಳುವುದು, ಎರಡು-ಮೂರು ವರ್ಷದ ಮಕ್ಕಳಲ್ಲಿ ಸಾಮಾನ್ಯ. ಆರು ವರ್ಷದ ಹುಡುಗನಲ್ಲಿ ಅದು ಚಿಕಿತ್ಸೆ ಬೇಡುವ ದೋಷ. ಇವೆರಡನ್ನೂ ಬೇರ್ಪಡಿಸಲಾರದೆ, ಊರಿನ ಮಾತನ್ನು ಕಾಯಿಲೆಯೆಂದು ಬಗೆದು, ಅಜ್ಜಿಯ ಆರು ದಿನದ ಕೂಲಿಯನ್ನೂ ಬಸ್ಸಿನ ಕಾಸನ್ನೂ ಹುಡುಗನ ಆರು ವಾರವನ್ನೂ ನಾವು ಹಾಳುಮಾಡಿದ್ದೆವು. ಪುಸ್ತಕದಲ್ಲಿ ಬರೆದುದನ್ನೆಲ್ಲ ಸರಿಯಾಗಿಯೇ ಮಾಡಿದ್ದೆವು. ಆ ಪುಸ್ತಕ ಅವನನ್ನು ಕುರಿತು ಬರೆದದ್ದಾಗಿರಲಿಲ್ಲ. ಅಜ್ಜಿಯನ್ನು ಮೊದಲ ದಿನವೇ "ಮನೆಯಲ್ಲಿ ನೀವು ಹೇಗೆ ಅನ್ನುತ್ತೀರಿ?" ಎಂದು ಕೇಳಿದ್ದರೆ ಐದು ನಿಮಿಷದಲ್ಲಿ ತಿಳಿಯುತ್ತಿತ್ತು. ಮುಂದೆ ಚಪ್ಪಟೆಯ ಕಡ್ಡಿಯಿಂದ ನಾಲಗೆಯ ತುದಿಯನ್ನು ಕೆಳಕ್ಕೆ ಒತ್ತಿಹಿಡಿದು "ತಾ" ಎನ್ನಿಸಿದೆವು. ತುದಿ ಏಳಲು ಆಗದೆ ಹಿಂಭಾಗ ಎದ್ದಿತು, "ಕಾ" ಹೊರಟಿತು. ಹುಡುಗ ಬೆಚ್ಚಿ ತನ್ನ ಬಾಯಿಯನ್ನು ತಾನೇ ಮುಟ್ಟಿ ನೋಡಿಕೊಂಡ. ಆಮೇಲೆ ಕೆಲವು ತಿಂಗಳು ಹಿಡಿಯಿತು. ಬಿಡಿ ಶಬ್ದದಿಂದ ಪದಕ್ಕೆ, ಪದದಿಂದ ಮಾತಿಗೆ, ಕ್ಲಿನಿಕ್ಕಿನ ಮಾತಿನಿಂದ ಬೀದಿಯ ಮಾತಿಗೆ ಬರುವುದು ನಿಧಾನದ ಕೆಲಸ.

ನಮ್ಮ ಅಭಿಪ್ರಾಯ ಹುಟ್ಟಿದ್ದು ಈ ಘಟನೆಯಿಂದ. ವಾಕ್-ಚಿಕಿತ್ಸೆಯನ್ನು ಕಲಿಯುವವನು ರೋಗಿಯ ಮನೆಯ ಮಾತನ್ನು ಅವನ ಅಂಗುಳ-ಗಂಟಲುಗಳಷ್ಟೇ ಶ್ರದ್ಧೆಯಿಂದ ಅಭ್ಯಾಸಮಾಡಬೇಕು. ನಮ್ಮ ಕಾಲೇಜುಗಳಲ್ಲಿ ಅಂಗುಳಕ್ಕೆ ಸಿಗುವ ಗೌರವ ಆಡುಮಾತಿಗೆ ಸಿಗುತ್ತಿಲ್ಲ. ಮೂಳೆಯ ಹೆಸರು ತಪ್ಪಿದರೆ ವಿದ್ಯಾರ್ಥಿಯ ಅಂಕ ಹೋಗುತ್ತದೆ. ರಾಯಚೂರಿನ ತಾಯಿ ಮಗುವಿಗೆ ಹೇಗೆ ಮಾತನಾಡುತ್ತಾಳೆಂಬುದು ತಿಳಿಯದಿದ್ದರೆ ಏನೂ ಹೋಗುವುದಿಲ್ಲ.

ಹಿಂದಿನವರು ಈ ಕಡೆ ಗಮನ ಕೊಟ್ಟೇ ಇಲ್ಲವೆಂದು ಹೇಳಿದರೆ ಅನ್ಯಾಯವಾದೀತು. ಕನ್ನಡದ ಧ್ವನಿಗಳ ಉಚ್ಚಾರಣೆಯನ್ನು ಪರೀಕ್ಷಿಸುವ ಕನ್ನಡ ಪರೀಕ್ಷೆಯೊಂದು 1972ರಷ್ಟು ಹಿಂದೆಯೇ ಮೈಸೂರಿನಲ್ಲಿ ಸಿದ್ಧವಾಯಿತು. ಅದನ್ನು ರೂಪಿಸಿದವರಲ್ಲಿ ಒಬ್ಬರು ನ. ರತ್ನ. ಅವರು ಆ ಸಂಸ್ಥೆಯ ನಿರ್ದೇಶಕರಾಗಿದ್ದರು, ಕನ್ನಡದ ನಾಟಕಕಾರರೂ ಆಗಿದ್ದರು. ಕಿವಿಗೊಟ್ಟು ಸಂಭಾಷಣೆ ಬರೆಯುವವರು ಉಚ್ಚಾರಣೆಯ ಪರೀಕ್ಷೆಯನ್ನೂ ರಚಿಸಿದ್ದು ಆಕಸ್ಮಿಕವೆಂದು ನಮಗೆ ತೋರುವುದಿಲ್ಲ. ಅನಂತರವೂ ಕನ್ನಡಕ್ಕೆ ಪರೀಕ್ಷೆಗಳು ಸಿದ್ಧವಾಗಿವೆ. ಆದರೂ ಪಠ್ಯಪುಸ್ತಕಗಳು ಇಂದಿಗೂ ಬಹುಪಾಲು ಇಂಗ್ಲಿಷಿನವು. ಅವುಗಳಲ್ಲಿ ಮಾತನಾಡುವ ಮಕ್ಕಳು ಇಂಗ್ಲಿಷ್ ಮಕ್ಕಳು.

ಇದರ ಪರಿಣಾಮ ಮಕ್ಕಳಿಗಿಂತಲೂ ಹೆಚ್ಚಾಗಿ ಎದ್ದುಕಾಣುವುದು ಪಾರ್ಶ್ವವಾಯುವಿನ ರೋಗಿಗಳಲ್ಲಿ. 1861ರಲ್ಲಿ ಪ್ಯಾರಿಸಿನ ಪಾಲ್ ಬ್ರೋಕಾ ಎಂಬ ವೈದ್ಯನು ವರ್ಷಗಟ್ಟಲೆ "ತಾನ್" ಎಂಬ ಒಂದೇ ಶಬ್ದವನ್ನು ಆಡುತ್ತಿದ್ದ ರೋಗಿಯ ಮೆದುಳನ್ನು ಮರಣಾನಂತರ ಪರೀಕ್ಷಿಸಿ, ಎಡ ಮುಂಭಾಗದಲ್ಲಿ ಕೆಟ್ಟುಹೋದ ಜಾಗವನ್ನು ತೋರಿಸಿದನು. 1874ರಲ್ಲಿ ಕಾರ್ಲ್ ವೆರ್ನಿಕೆ ಇನ್ನೊಂದು ಬಗೆಯನ್ನು ವರ್ಣಿಸಿದನು. ಅದರಲ್ಲಿ ರೋಗಿ ಧಾರಾಳವಾಗಿ ಮಾತನಾಡುತ್ತಾನೆ, ಮಾತಿಗೆ ಅರ್ಥವಿರುವುದಿಲ್ಲ, ಪರರ ಮಾತೂ ತಿಳಿಯದು. ಮೆದುಳಿನ ಗಾಯದಿಂದ ಬರುವ ಇಂಥ ಭಾಷಾನಷ್ಟಕ್ಕೆ ಅಫೇಸಿಯಾ ಎಂದು ಹೆಸರು. ಬ್ರೋಕಾನ ಬಗೆಯ ಇಂಗ್ಲಿಷ್ ರೋಗಿಯ ಮಾತಿನಲ್ಲಿ ವಾಕ್ಯವನ್ನು ಹೆಣೆಯುವ ಚಿಕ್ಕಚಿಕ್ಕ ಪದಗಳು ಉದುರಿಹೋಗುತ್ತವೆಂದು ಪುಸ್ತಕ ಹೇಳುತ್ತದೆ. ಕನ್ನಡದಲ್ಲಿ ಆ ಕೆಲಸವನ್ನು ಬಹುಮಟ್ಟಿಗೆ ಮಾಡುವುದು ಪದದ ಕೊನೆಗೆ ಅಂಟಿಕೊಂಡ ಪ್ರತ್ಯಯಗಳು. "ಮನೆಯಿಂದ", "ಮನೆಗೆ", "ಮನೆಯಲ್ಲಿ" ಎಂಬವುಗಳಲ್ಲಿ ಯಾವುದು ಉಳಿಯಿತು, ಯಾವುದು ಅದಲುಬದಲಾಯಿತು, "ಬಂದಳು" ಎನ್ನಬೇಕಾದಲ್ಲಿ "ಬಂದ" ಎಂದರೇ ಎಂಬುದನ್ನು ಕನ್ನಡ ವ್ಯಾಕರಣ ಬಲ್ಲ ಕಿವಿಯೇ ಹಿಡಿಯಬೇಕು. ಪ್ರೌಢಶಾಲೆಯಲ್ಲಿ ವಿಭಕ್ತಿಪ್ರತ್ಯಯಗಳನ್ನು ಶಪಿಸುತ್ತ ಕಲಿತ ವಿದ್ಯಾರ್ಥಿಗೆ ಅವು ಇಲ್ಲಿ ಉಪಯೋಗಕ್ಕೆ ಬರುತ್ತವೆ.

ಅಫೇಸಿಯಾ ಪರೀಕ್ಷೆಯಲ್ಲಿ ಜಗತ್ತಿನಲ್ಲೆಲ್ಲ ಬಳಕೆಯಲ್ಲಿರುವ ಒಂದು ಚಿತ್ರವಿದೆ. 1972ರಲ್ಲಿ ಪ್ರಕಟವಾದ ಬಾಸ್ಟನ್ ಪರೀಕ್ಷೆಯದು ಅದು. ಅಮೆರಿಕದ ಅಡಿಗೆಮನೆ, ನಿಂತುಕೊಂಡು ತಟ್ಟೆ ಒರೆಸುತ್ತಿರುವ ಗೃಹಿಣಿ, ತೊಟ್ಟಿ ತುಂಬಿ ನೆಲಕ್ಕೆ ಹರಿಯುತ್ತಿರುವ ನೀರು, ಅವಳ ಬೆನ್ನ ಹಿಂದೆ ವಾಲುತ್ತಿರುವ ಸ್ಟೂಲಿನ ಮೇಲೆ ನಿಂತು ಡಬ್ಬಿಯಿಂದ ಬಿಸ್ಕತ್ತು ಕದಿಯುತ್ತಿರುವ ಹುಡುಗ. ಚಿತ್ರ ಚೆನ್ನಾಗಿಯೇ ಇದೆ. ಆದರೆ ಹಾಸನದ ಕಡೆಯ ಹಳ್ಳಿಯ ಅಜ್ಜಿ ಅದನ್ನು ನೋಡಿ ಸುಮ್ಮನಾದರೆ, ಅವಳ ಮಾತು ಹೋದದ್ದರಿಂದ ಸುಮ್ಮನಾದಳೋ, ಅಂಥ ಅಡಿಗೆಮನೆಯನ್ನು ಕಂಡಿಲ್ಲದ್ದರಿಂದಲೋ? ಒಲೆಯ ಮೇಲೆ ಹಾಲು ಉಕ್ಕುತ್ತಿರುವ, ಬೆಕ್ಕು ನೆಲುವಿನ ಕಡೆಗೆ ಹಾರುತ್ತಿರುವ ಚಿತ್ರವನ್ನು ತೋರಿಸಿದರೆ ಅವಳು ಹತ್ತು ಮಾತು ಆಡಬಹುದು. ರೋಗನಿರ್ಣಯ ಒಂದು ಚಿತ್ರದ ಮೇಲೆ ತಿರುಗಬಹುದಾದ ಕಡೆ ಚಿತ್ರ ಯಾರ ಮನೆಯದೆಂಬುದು ಅಲ್ಪ ವಿಷಯವಲ್ಲ.

ನಿವೃತ್ತ ಉಪಾಧ್ಯಾಯರೊಬ್ಬರು ನಮಗೆ ನೆನಪಾಗುತ್ತಾರೆ. ಪಾರ್ಶ್ವವಾಯುವಾದ ಮೇಲೆ ಅವರಿಗೆ "ನೀರು" ಎಂಬ ಪದವೂ ಬರುತ್ತಿರಲಿಲ್ಲ. ಒಂದು ದಿನ ಅವರ ಮೊಮ್ಮಗಳು ಪಕ್ಕದಲ್ಲಿ ಕುಳಿತು ಮಗ್ಗಿ ಹೇಳಿಕೊಳ್ಳುತ್ತಿರಲು, ಅವರ ಬಾಯಿಂದ ತಾನೇತಾನಾಗಿ "ಎರಡೊಂದ್ಲ ಎರಡು, ಎರಡೆರಡ್ಲ ನಾಕು" ಎಂದು ಹೊರಟಿತು. ಮನೆಯವರೆಲ್ಲ ಅತ್ತರು. ಇದು ಪವಾಡವೇನಲ್ಲ, ಚಿಕ್ಕಂದಿನಲ್ಲಿ ಸಾವಿರ ಸಲ ಹೇಳಿ ಹೇಳಿ ಗಟ್ಟಿಯಾದ ಎಣಿಕೆ, ವಾರಗಳ ಹೆಸರು, ಪ್ರಾರ್ಥನೆ, ಹಾಡು ಮುಂತಾದವು ಇಂಥ ರೋಗಿಗಳಲ್ಲಿ ಎಷ್ಟೋ ವೇಳೆ ಉಳಿದಿರುತ್ತವೆ. ಅವುಗಳನ್ನು ಮೆಟ್ಟಿಲು ಮಾಡಿಕೊಂಡು ಚಿಕಿತ್ಸಕನು ಮಾತಿನ ಕಡೆಗೆ ನಡೆಸಲು ಪ್ರಯತ್ನಿಸುತ್ತಾನೆ. ಮಗ್ಗಿಯ ರಾಗವನ್ನು ತಾನೇ ಅರಿಯದ ಚಿಕಿತ್ಸಕನಿಗೆ ಈ ಮೆಟ್ಟಿಲು ಕಾಣುವುದೇ ಇಲ್ಲ.

ನಮ್ಮ ನಾಡಿನಲ್ಲಿ ಇನ್ನೊಂದು ತೊಡಕುಂಟು. ಬೆಂಗಳೂರಿನ ಅಂಗಡಿಯವನೊಬ್ಬ ಮನೆಯಲ್ಲಿ ತೆಲುಗು, ಅಂಗಡಿಯಲ್ಲಿ ಕನ್ನಡ, ಗೆಳೆಯರೊಡನೆ ಉರ್ದು, ಬ್ಯಾಂಕಿನಲ್ಲಿ ಇಂಗ್ಲಿಷ್ ಆಡಬಹುದು. ಅವನಿಗೆ ಅಫೇಸಿಯಾ ಬಂದರೆ ಯಾವ ಭಾಷೆ ಮೊದಲು ಮರಳುತ್ತದೆ? ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರಾನ್ಸಿನ ರಿಬೋ ಎಂಬಾತನು ಮೊದಲು ಕಲಿತದ್ದೇ ಉಳಿಯುವುದೆಂದ. 1895ರಲ್ಲಿ ಪಿತ್ರ್ ಎಂಬಾತನು ಹೆಚ್ಚು ಬಳಕೆಯಲ್ಲಿದ್ದದ್ದು ಮೊದಲು ಮರಳುವುದೆಂದ. ಎರಡಕ್ಕೂ ಹೊಂದದ ರೋಗಿಗಳು ಇದ್ದಾರೆ. ಒಂದೇ ಭಾಷೆಯಾಡುವ ಜನರು ಹೆಚ್ಚಾಗಿರುವ ದೇಶಗಳಲ್ಲಿ ಇದು ಅಪರೂಪದ ಕುತೂಹಲ. ನಮ್ಮಲ್ಲಿ ದಿನದಿನದ ಕೆಲಸ. ಈ ಪ್ರಶ್ನೆಗೆ ಉತ್ತರ ಹುಡುಕಲು ನಮಗಿಂತ ಅನುಕೂಲವಾದ ಪ್ರಯೋಗಶಾಲೆ ಬೇರೆ ಯಾರಿಗಿದೆ?

ಇಲ್ಲಿ ನ್ಯಾಯವಾದ ಆಕ್ಷೇಪಣೆಯೊಂದು ಏಳುತ್ತದೆ. ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿಯೇ 22 ಭಾಷೆಗಳಿವೆ. ಮೈಸೂರಿಗೆ ಅಸ್ಸಾಮಿನಿಂದಲೂ ಕೇರಳದಿಂದಲೂ ವಿದ್ಯಾರ್ಥಿಗಳು ಬರುತ್ತಾರೆ. ಅವರೆಲ್ಲ ಕನ್ನಡದ ಒಳನುಡಿಗಳನ್ನು ಕಲಿಯುವುದೆಂತು? ನಾವು ಕೇಳುವುದು ಅಷ್ಟಲ್ಲ. ಹೊರನಾಡಿನ ವಿದ್ಯಾರ್ಥಿಗಳು ಕ್ಲಿನಿಕ್ಕಿನಲ್ಲಿ ತಾಯಂದಿರಿಂದಲೇ ಕನ್ನಡ ಕಲಿತು, ಕನ್ನಡಿಗರಿಗಿಂತ ಎಚ್ಚರಿಕೆಯಿಂದ ಆಲಿಸಿ ಕೆಲಸಮಾಡಿದ್ದನ್ನು ಕಂಡಿದ್ದೇವೆ. ತನಗೆ ತಿಳಿಯದೆಂದು ತಿಳಿದವನು ಕೇಳುತ್ತಾನೆ. ತಪ್ಪುವುದು ಹೆಚ್ಚಾಗಿ ತನಗೆ ಕನ್ನಡ ಬರುತ್ತದೆಂದು ನೆಮ್ಮದಿಯಾಗಿರುವ ಪಟ್ಟಣದ ಕನ್ನಡಿಗನೇ. ನಂಜನಗೂಡಿನ ಹುಡುಗನ ವಿಷಯದಲ್ಲಿ ತಪ್ಪಿದವರೂ ಅಂಥವರೇ. ಪಾರಿಭಾಷಿಕ ಪದಗಳು ಇಂಗ್ಲಿಷಿನಲ್ಲಿರುವುದಕ್ಕೂ ನಮ್ಮ ತಕರಾರಿಲ್ಲ. ಪುಸ್ತಕ ಯಾವ ಭಾಷೆಯಲ್ಲಾದರೂ ಇರಲಿ; ವಾರಕ್ಕೆ ಮುಕ್ಕಾಲು ಗಂಟೆ ಕ್ಲಿನಿಕ್ಕಿನಲ್ಲಿ ಕಳೆಯುವ ಮಗು ಉಳಿದ ಹೊತ್ತೆಲ್ಲ ಮನೆಯಲ್ಲಿರುತ್ತದೆ. ನಿಜವಾದ ಚಿಕಿತ್ಸೆ ನಡೆಯುವುದು ಅಲ್ಲಿ, ತಾಯಿಯ ಬಾಯಲ್ಲಿ. ಅವಳಿಗೆ ತಿಳಿಯುವ ಮಾತಿನಲ್ಲಿ ಹೇಳಿಕೊಡದಿದ್ದರೆ ಪದವಿಯಿಂದ ಬಂದ ಪ್ರಯೋಜನವೇನು?

ತಾಯಂದಿರು ಬರುವುದೂ ತಡವಾಗಿಯೇ. ಮಗು ಮಾತನಾಡದಿದ್ದರೆ ಬಜೆ ತೇಯ್ದು ನಾಲಗೆಗೆ ಹಚ್ಚುತ್ತಾರೆ. "ಇವರಪ್ಪನೂ ತಡವಾಗಿಯೇ ಮಾತನಾಡಿದ್ದು" ಎಂದು ಹಿರಿಯರು ಸಮಾಧಾನ ಹೇಳುತ್ತಾರೆ. ಹೀಗೆಯೇ ಮೂರು ವರ್ಷ, ನಾಲ್ಕು ವರ್ಷ. "ಮೂಗ" ಎಂದು ಕರೆಸಿಕೊಳ್ಳುವ ಎಷ್ಟೋ ಮಕ್ಕಳ ನಾಲಗೆ ಗಂಟಲುಗಳಲ್ಲಿ ಯಾವ ಕೊರತೆಯೂ ಇರುವುದಿಲ್ಲ. ಕಿವಿ ಕೇಳದ್ದರಿಂದ ಮಾತು ಬಂದಿರುವುದಿಲ್ಲ. ಶ್ರವಣದೋಷವನ್ನು ಹುಟ್ಟಿದ ಮೂರು ತಿಂಗಳೊಳಗೆ ಗುರುತಿಸಿ, ಆರು ತಿಂಗಳೊಳಗೆ ಚಿಕಿತ್ಸೆ ಆರಂಭಿಸಬೇಕೆಂಬುದು ಇಂದು ತಜ್ಞರ ಗುರಿ. ನಿದ್ರಿಸುತ್ತಿರುವ ಹಸುಳೆಯ ಕಿವಿಯನ್ನೂ ಪರೀಕ್ಷಿಸುವ ಯಂತ್ರಗಳಿವೆ. ಭಾಷೆಯನ್ನು ಹೀರಿಕೊಳ್ಳುವ ಮೆದುಳಿನ ಶಕ್ತಿ ಮೊದಲ ಕೆಲವು ವರ್ಷಗಳಲ್ಲಿ ಇರುವಷ್ಟು ಮುಂದೆ ಇರುವುದಿಲ್ಲ. ನಾಲ್ಕನೆಯ ವರ್ಷ ಬಂದ ಮಗುವಿಗೆ ಎಷ್ಟು ದುಡಿದರೂ, ನಾಲ್ಕನೆಯ ತಿಂಗಳಲ್ಲಿ ಬಂದಿದ್ದರೆ ಆಗುತ್ತಿದ್ದಷ್ಟು ಮಾಡಿಕೊಡುವುದು ಕಷ್ಟ. ತಾಲ್ಲೂಕಿನ ಆಸ್ಪತ್ರೆಯಲ್ಲಿ ಆ ಊರಿನ ಮಾತಾಡುವ ಚಿಕಿತ್ಸಕನೊಬ್ಬನಿದ್ದರೆ ಅಜ್ಜಿಯರ ಸಮಾಧಾನಕ್ಕೆ ಅವರದೇ ಮಾತಿನಲ್ಲಿ ಉತ್ತರ ಕೊಡಬಲ್ಲನು.

ಉಗ್ಗಿನ ವಿಷಯವನ್ನು ಮುಟ್ಟದೆ ಮುಗಿಸಲಾರೆವು, ಏಕೆಂದರೆ ವಾಚಕರ ತರಗತಿಗಳಲ್ಲಿಯೇ ಅಂಥವರು ಇದ್ದಾರು. ನೂರು ಮಕ್ಕಳಲ್ಲಿ ಸುಮಾರು ಐವರು ಒಂದಲ್ಲ ಒಂದು ಕಾಲದಲ್ಲಿ ಉಗ್ಗುತ್ತಾರೆ, ಬಹುಪಾಲು ಎರಡರಿಂದ ಐದು ವರ್ಷದೊಳಗೆ ಅದು ಆರಂಭವಾಗುತ್ತದೆ, ಹೆಚ್ಚಿನವರಲ್ಲಿ ತಾನಾಗಿಯೇ ನಿಲ್ಲುತ್ತದೆ. ದೊಡ್ಡವರಲ್ಲಿ ನೂರಕ್ಕೆ ಸುಮಾರು ಒಬ್ಬರಲ್ಲಿ ಉಳಿಯುತ್ತದೆ. ನಾವು ಬಲ್ಲ ಒಬ್ಬ ತರುಣ ಮೈಸೂರಿನಿಂದ ಬನ್ನೂರಿಗೆ ಹೋಗಬೇಕಾದಾಗಲೆಲ್ಲ ಮಳವಳ್ಳಿಗೆ ಟಿಕೆಟ್ ಕೊಳ್ಳುತ್ತಿದ್ದ. "ಬ" ಎನ್ನುವಾಗ ತುಟಿಗಳು ಬೆಸೆದುಕೊಳ್ಳುತ್ತಿದ್ದವು, ಕಂಡಕ್ಟರು ಕಾಯುತ್ತಿದ್ದ, ಹಿಂದಿನವರು ನಗುತ್ತಿದ್ದರು. ಅದಕ್ಕಿಂತ ಹೆಚ್ಚಿನ ದುಡ್ಡು ಕೊಟ್ಟು ಬನ್ನೂರಿನಲ್ಲಿ ಸದ್ದಿಲ್ಲದೆ ಇಳಿದುಬಿಡುವುದು ಅವನಿಗೆ ಸುಲಭವಾಗಿ ತೋರಿತು. ಅವನ ಚಿಕಿತ್ಸೆಯಲ್ಲಿ ಉಸಿರು, ತುಟಿ, ಮಾತಿನ ವೇಗ ಎಲ್ಲವೂ ಬಂದವು. ಆದರೆ ಬಹುಕಾಲ ನಡೆದದ್ದು ಬಸ್ಸಿನಲ್ಲಿಯೇ. ಚಿಕಿತ್ಸಕ ಅವನ ಪಕ್ಕದಲ್ಲಿ ಕುಳಿತಿರುತ್ತಿದ್ದ. ಅವನು "ಬ-ಬನ್ನೂರು" ಎಂದು ಉಗ್ಗಿಕೊಂಡೇ ಕೇಳುತ್ತಿದ್ದ, ಕೇಳಿ ಸರಿಯಾದ ಚಿಲ್ಲರೆಯನ್ನು ಪಡೆಯುತ್ತಿದ್ದ.

ಇನ್ನು ಒಂದು ಕಹಿ ಮಾತು. ಈ ಪದವಿಯನ್ನು ಪಡೆದ ಬುದ್ಧಿವಂತರಲ್ಲಿ ಅನೇಕರು ಹೊರದೇಶಗಳಿಗೆ ಹೋಗುತ್ತಾರೆ. ಅಲ್ಲಿ ಸಂಬಳ ಹೆಚ್ಚು, ಗೌರವವೂ ಹೆಚ್ಚು. ಹೋದವರನ್ನು ಹಳಿಯುವುದು ನಮಗೆ ಇಷ್ಟವಿಲ್ಲ. ಇಲ್ಲಿ ಜಿಲ್ಲಾ ಆಸ್ಪತ್ರೆಗಳಲ್ಲಿ ಸಾಕಷ್ಟು ಹುದ್ದೆಗಳನ್ನು ಸೃಷ್ಟಿಸದೆ ಸೇವಾಭಾವವನ್ನು ಮಾತ್ರ ಬೋಧಿಸಿದರೆ ತರುಣರು ಕೇಳಲಾರರು. ಆದರೆ ಹೃದಯದ ಶಸ್ತ್ರವೈದ್ಯನೊಬ್ಬ ಹೊರಗೆ ಹೋದರೆ ಇನ್ನೊಂದು ದೇಶದಿಂದಾದರೂ ಒಬ್ಬನನ್ನು ಕರೆಸಿಕೊಳ್ಳಬಹುದು, ಹೃದಯ ಎಲ್ಲೆಡೆಯೂ ಒಂದೇ. ಬೀದರಿನ ಕನ್ನಡವನ್ನು ತಿಳಿದ ವಾಕ್-ಚಿಕಿತ್ಸಕನು ಹೋದರೆ ಅವನ ಜಾಗಕ್ಕೆ ಲೋಕದಲ್ಲಿ ಬೇರೆ ಯಾರೂ ಸಿಕ್ಕುವುದಿಲ್ಲ.

ಹಾಗಾದರೆ ಯಾರು ಬರಬೇಕು? ವೈದ್ಯಕೀಯಕ್ಕೆ ಎರಡು ಅಂಕ ಕಡಮೆಯಾಯಿತೆಂದು ಮುಖ ಬಾಡಿಸಿಕೊಂಡು ಬರುವವರು ಬಂದರೆ ಬರಲಿ, ಅಂಥವರಲ್ಲಿ ಕೆಲವರಿಗೆ ಮೊದಲ ರೋಗಿಯನ್ನು ಕಂಡ ಮೇಲೆ ಒಲವು ಹುಟ್ಟುವುದುಂಟು. ನಾವು ಎದುರುನೋಡುವುದು ಬೇರೆ ಬಗೆಯವರನ್ನು: ಅತ್ತೆಯ ಊರಿಗೆ ಹೋದಾಗ ಅಲ್ಲಿನವರ ಮಾತಿನ ಧಾಟಿಯನ್ನು ಹಿಡಿದು ಅಣಕಿಸಿ ನಗಿಸುವ ಹುಡುಗಿ, ಒಂದೇ ಮಾತನ್ನು ಇಪ್ಪತ್ತು ಸಲ ಕೇಳಿದರೂ ಬೇಸರಪಡದ ಹುಡುಗ. ಕೊಪ್ಪಳ, ಯಾದಗಿರಿ, ಚಾಮರಾಜನಗರಗಳ ಸರಕಾರಿ ಕಾಲೇಜುಗಳಲ್ಲಿ ವಿಜ್ಞಾನ ಓದುತ್ತಿರುವ ವಿದ್ಯಾರ್ಥಿಗಳು ತಮ್ಮ ಆಡುಮಾತನ್ನು ಕುರಿತು ನಾಚಿಕೊಳ್ಳುವುದನ್ನು ನಾವು ಕಂಡಿದ್ದೇವೆ. ಈ ವಿದ್ಯೆಯಲ್ಲಿ ಅದು ಅವರ ಆಸ್ತಿ.

ಅಂಥವರು ಪ್ರವೇಶ ಪರೀಕ್ಷೆಯ ತನಕ ಕಾಯಬೇಕಾಗಿಲ್ಲ. ಮನೆಯಲ್ಲೋ ನೆರೆಯಲ್ಲೋ ಎರಡು ವರ್ಷದ ಮಗುವೊಂದು ಇದ್ದೇ ಇರುತ್ತದೆ. ನೋಟ್‌ಬುಕ್ಕೊಂದನ್ನು ತೆಗೆದುಕೊಂಡು ದಿನಾಂಕ ಹಾಕಿ, ಆ ಮಗು ಹೇಳಿದ ಪದವನ್ನು ಅದು ಹೇಳಿದ ಹಾಗೆಯೇ, ತಿದ್ದದೆ, ಬರೆದಿಡಲಿ. ಪಕ್ಕದಲ್ಲಿ ಅದರ ತಾಯಿ ಅದೇ ಪದವನ್ನು ಹೇಗೆ ಹೇಳುತ್ತಾಳೆಂದು ಬರೆಯಲಿ. ಪುಸ್ತಕದಲ್ಲಿ ಹೇಗಿದೆಯೆಂಬುದು ಬೇಡ. ಒಂದು ತಿಂಗಳಲ್ಲಿಯೇ "ರ" ಬರುವ ಕಡೆಯಲ್ಲೆಲ್ಲ "ಲ" ಬರುತ್ತಿರುವುದು, "ಳ"ಕಾರಕ್ಕೆ ನಾಲಗೆ ಇನ್ನೂ ಮಡಿಯದಿರುವುದು, ಒತ್ತಕ್ಷರಗಳು ಕರಗಿಹೋಗಿರುವುದು ಗೋಚರಿಸೀತು. ಆರು ತಿಂಗಳ ಮೇಲೆ ಮೊದಲ ಪುಟವನ್ನು ತಿರುವಿ ನೋಡಿದರೆ ಆ ಮಗು ಎಷ್ಟು ದೂರ ನಡೆದುಬಂದಿದೆಯೆಂದು ಬರೆದವರಿಗೇ ಆಶ್ಚರ್ಯವಾದೀತು. ಕಾಲೇಜಿಗೆ ಸೇರುವ ದಿನ ಆ ನೋಟ್‌ಬುಕ್ಕನ್ನು ಜೊತೆಗೆ ತಂದರೆ, ಸಂಜೆಯ ತನಕ ಕುಳಿತು ಅದನ್ನು ಓದುವ ಅಧ್ಯಾಪಕರೊಬ್ಬರಾದರೂ ಅಲ್ಲಿ ಸಿಕ್ಕುತ್ತಾರೆ.